ನಲವತ್ತರ ನಂತರ ನರ್ಸ್ ಆಗುವುದು: ರಾಜೀನಾಮೆಗೆ ಮುಂಚೆ ಮತ್ತು ಆಮೇಲೆ

ರಾಜೀನಾಮೆ ಪತ್ರ ಈ ದಾರಿಯಲ್ಲಿ ನಾಲ್ಕನೆಯ ಹೆಜ್ಜೆ. ಅದನ್ನೇ ಮೊದಲು ಇಟ್ಟವರು ಕೋರ್ಸಿನ ನಡುವೆ ಕಷ್ಟಕ್ಕೆ ಸಿಕ್ಕಿಕೊಳ್ಳುತ್ತಾರೆ: ಉಳಿತಾಯ ಕರಗಿರುತ್ತದೆ, ಸೊಂಟ ಹಿಡಿದುಕೊಂಡಿರುತ್ತದೆ, ಹಳೆಯ ಕೆಲಸದ ಬಾಗಿಲು ಮುಚ್ಚಿರುತ್ತದೆ. ನಡುವಯಸ್ಸಿನಲ್ಲಿ ನರ್ಸಿಂಗ್‌ಗೆ ಬರುವವರು ಈ ವೃತ್ತಿಗೆ ದೊಡ್ಡ ಆಸ್ತಿ. ಸಿಟ್ಟಿಗೆದ್ದ ಸಂಬಂಧಿಕರನ್ನು ಸಮಾಧಾನಪಡಿಸುವುದು, ಒಟ್ಟಿಗೆ ಬಂದು ನಿಂತ ಐದು ಕೆಲಸಗಳಲ್ಲಿ ಯಾವುದು ಮೊದಲು ಎಂದು ತೀರ್ಮಾನಿಸುವುದು, ಮಾಡಿದ್ದನ್ನು ಆಗಿಂದಾಗ ಬರೆದಿಡುವುದು, ಇವೆಲ್ಲ ಇಪ್ಪತ್ತರ ಹರೆಯದಲ್ಲಿ ಸುಲಭವಾಗಿ ಬರುವಂಥವಲ್ಲ. ಅಂಥವರು ಅರ್ಧ ದಾರಿಯಲ್ಲಿ ಕೈಚೆಲ್ಲಬಾರದು. ಹಾಗಾಗಿ ಕೆಲಸ ಬಿಡುವುದಕ್ಕೆ ಮುಂಚಿನ ತಯಾರಿಯ ಬಗ್ಗೆಯೇ ಇಲ್ಲಿ ಹೆಚ್ಚು ಹೇಳಿದ್ದೇವೆ.

ಮೊದಲು ವಾರ್ಡಿನಲ್ಲಿ ನಿಂತು ನೋಡಿ

ಮನೆಯವರೊಬ್ಬರ ಕಾಯಿಲೆಯ ಸಮಯದಲ್ಲಿ ಆಸ್ಪತ್ರೆಯಲ್ಲಿ ಕಳೆದ ದಿನಗಳು ಎಷ್ಟೋ ಜನರನ್ನು ಈ ಕಡೆ ತಿರುಗಿಸುತ್ತವೆ. ಅದು ಒಳ್ಳೆಯ ಪ್ರೇರಣೆ. ಆದರೆ ನಮ್ಮವರೊಬ್ಬರನ್ನು ನೋಡಿಕೊಳ್ಳುವುದೇ ಬೇರೆ, ಗುರುತು ಪರಿಚಯವಿಲ್ಲದ ಎಂಟು ಹತ್ತು ಮಂದಿಯನ್ನು ಒಂದೇ ಹೊತ್ತಿನಲ್ಲಿ ನೋಡಿಕೊಳ್ಳುವುದೇ ಬೇರೆ. ಈಗಿನ ಕೆಲಸದಲ್ಲಿ ಇರುವಾಗಲೇ, ರಜೆಯ ದಿನಗಳಲ್ಲಿ, ಆಸ್ಪತ್ರೆಯಲ್ಲೋ ವೃದ್ಧಾಶ್ರಮದಲ್ಲೋ ಗಂಭೀರ ಕಾಯಿಲೆಯವರ ನೋವು ತಗ್ಗಿಸುವ ಉಪಶಾಮಕ ಆರೈಕೆ ಕೇಂದ್ರದಲ್ಲೋ ಸ್ವಯಂಸೇವಕರಾಗಿ ಅಥವಾ ಆರೈಕೆ ಸಹಾಯಕರಾಗಿ ಕನಿಷ್ಠ 80 ಗಂಟೆ ಕಳೆಯಿರಿ. ಎರಡೆರಡು ಗಂಟೆಯ ಭೇಟಿಗಳಿಂದ ಏನೂ ತಿಳಿಯುವುದಿಲ್ಲ. ಒಂದೆರಡು ಸಲವಾದರೂ ಶಿಫ್ಟ್ ಆರಂಭವಾಗುವುದರಿಂದ ಮುಗಿಯುವವರೆಗೆ ಇರಬೇಕು. ಸಾಧ್ಯವಾದರೆ ಒಂದು ರಾತ್ರಿ ಪೂರ್ತಿ.

ಅಲ್ಲಿ ನಿಮ್ಮನ್ನೇ ಗಮನಿಸಿಕೊಳ್ಳಿ. ಮಲ, ವಾಂತಿ, ಕೀವಿನ ವಾಸನೆಗೆ ಮೊದಲ ದಿನಗಳಲ್ಲಿ ಹೊಟ್ಟೆ ತೊಳಸಿದರೆ ಗಾಬರಿ ಬೇಡ, ಹೆಚ್ಚಿನವರಿಗೆ ಅದು ಅಭ್ಯಾಸವಾಗುತ್ತದೆ. ಇನ್ನೊಬ್ಬರ ಮೈ ಒರೆಸುವಾಗ ನಿಮಗೆ ಆಗುವ ಮುಜುಗರವನ್ನು ಅವರಿಗೆ ತಿಳಿಯದಂತೆ ಇಟ್ಟುಕೊಳ್ಳಲು ಆಗುತ್ತದೆಯೇ? ಬೈಯುವ ರೋಗಿಯ ಹತ್ತಿರ ಅರ್ಧ ಗಂಟೆ ಬಿಟ್ಟು ಮತ್ತೆ ಅದೇ ಮುಖದಲ್ಲಿ ಹೋಗಲು ಆಗುತ್ತದೆಯೇ? ಡ್ಯೂಟಿ ಮುಗಿಸಿದ ನರ್ಸ್ ಒಬ್ಬರನ್ನು ಮಾತಿಗೆಳೆದು, “ಇವತ್ತು ಮಾಡಬೇಕೆಂದುಕೊಂಡು ಮಾಡಲಾಗದೆ ಉಳಿದ ಕೆಲಸ ಯಾವುದು?” ಎಂದು ಕೇಳಿ. ಕೆಲಸ ಹೇಗಿದೆ ಎಂದು ಕೇಳಿದರೆ ಸಿಗುವ ಉತ್ತರಕ್ಕಿಂತ ಇದಕ್ಕೆ ಸಿಗುವ ಉತ್ತರ ನಿಮಗೆ ಹೆಚ್ಚು ಕಲಿಸುತ್ತದೆ.

ವೈದ್ಯಕೀಯ ರಂಗ ಇಷ್ಟವಾಗಿ, ಹಾಸಿಗೆಯ ಪಕ್ಕದ ಕೆಲಸ ಒಗ್ಗಲಿಲ್ಲ ಎಂದು ಈ ಹಂತದಲ್ಲೇ ಗೊತ್ತಾದರೆ ಅದೂ ಲಾಭವೇ. ಪ್ರಯೋಗಾಲಯ, ಎಕ್ಸ್‌ರೇ ವಿಭಾಗ, ವೈದ್ಯಕೀಯ ದಾಖಲೆ, ಆಪ್ತಸಮಾಲೋಚನೆಯಂಥ ಬೇರೆ ಬಾಗಿಲುಗಳಿವೆ.

ಕೋರ್ಸ್ ಆರಿಸುವಾಗ

ಕಾಲೇಜಿನ ಜಾಹೀರಾತಿನಿಂದ ಶುರು ಮಾಡಬೇಡಿ. ನೀವು ಕೆಲಸ ಮಾಡಬೇಕೆಂದಿರುವ ಕಡೆ ನರ್ಸ್‌ಗಳನ್ನು ನೋಂದಾಯಿಸುವ ಪರಿಷತ್ತು ಯಾವುದು ಎಂದು ಮೊದಲು ತಿಳಿದುಕೊಂಡು, ಅದು ಮಾನ್ಯ ಮಾಡಿರುವ ಸಂಸ್ಥೆಗಳ ಪಟ್ಟಿಯಿಂದ ಹಿಂದಕ್ಕೆ ಬನ್ನಿ. ಪರಿಷತ್ತಿನಲ್ಲಿ ಹೆಸರು ದಾಖಲಾಗದ ಹೊರತು ಸರ್ಟಿಫಿಕೇಟ್ ಇದ್ದರೂ ನರ್ಸ್ ಆಗಿ ಕೆಲಸ ಮಾಡುವಂತಿಲ್ಲ. “ಆರು ತಿಂಗಳ ನರ್ಸಿಂಗ್” ಎಂಬ ಹೆಸರಿನಲ್ಲಿ ನಡೆಯುವ ಕೋರ್ಸುಗಳಿಂದ ಸಹಾಯಕರ ಕೆಲಸ ಸಿಗಬಹುದು, ನೋಂದಣಿ ಸಿಗುವುದಿಲ್ಲ. ಪಾಠದ ಭಾಗ ಆನ್‌ಲೈನ್ ಇರಬಹುದು, ವಾರ್ಡಿನ ಗಂಟೆಗಳನ್ನು ಮಾತ್ರ ವಾರ್ಡಿನಲ್ಲೇ ಮುಗಿಸಬೇಕು.

ಸಾಮಾನ್ಯವಾಗಿ ಡಿಪ್ಲೊಮಾ ಮೂರು ವರ್ಷ, ಪದವಿ ಮೂರರಿಂದ ನಾಲ್ಕು ವರ್ಷ. ಈಗಾಗಲೇ ಬೇರೆ ಪದವಿ ಇದ್ದವರಿಗೆ ಒಂದೂವರೆ ಎರಡು ವರ್ಷದ ವೇಗದ ಕೋರ್ಸ್ ಕೆಲವು ದೇಶಗಳಲ್ಲಿ ಇದೆ, ಎಲ್ಲ ಕಡೆ ಇಲ್ಲ. ತರಬೇತಿ ಎಷ್ಟಿರಬೇಕು ಎನ್ನುವುದಕ್ಕೆ ಒಂದು ಅಳತೆಗೋಲು ಬೇಕಿದ್ದರೆ ಐರೋಪ್ಯ ಒಕ್ಕೂಟದ ನಿಯಮ ನೋಡಿ: ಕನಿಷ್ಠ 3 ವರ್ಷ, 4,600 ಗಂಟೆ, ಅದರಲ್ಲಿ ಅರ್ಧದಷ್ಟಾದರೂ ರೋಗಿಗಳ ಬಳಿ. ನೀವು ನೋಡುತ್ತಿರುವ ಕಾಲೇಜಿನಲ್ಲಿ ಈ ಗಂಟೆಗಳು ಎಷ್ಟು, ಯಾವ ಆಸ್ಪತ್ರೆಯಲ್ಲಿ, ಒಬ್ಬ ಬೋಧಕರಿಗೆ ಎಷ್ಟು ವಿದ್ಯಾರ್ಥಿಗಳು ಎಂದು ಕೇಳಿ. ವೇಗದ ಕೋರ್ಸ್ ಆದರೆ ವಾರಕ್ಕೆ ಎಷ್ಟು ದಿನ ಬಿಡುವು ಎಂದೂ ಕೇಳಿ. ಅಲ್ಲಿ ಪಾರ್ಟ್‌ಟೈಮ್ ದುಡಿಮೆ ಸಾಮಾನ್ಯವಾಗಿ ಕಷ್ಟ.

ವಯಸ್ಸಿನ ಮಿತಿಯನ್ನು ಎರಡು ಕಡೆ ಪರೀಕ್ಷಿಸಬೇಕು, ಹೆಚ್ಚಿನವರು ಒಂದು ಕಡೆ ನೋಡಿ ಬಿಡುತ್ತಾರೆ. ಕೋರ್ಸಿಗೆ ಸೇರಲು ಮಿತಿ ಇದೆಯೇ ಎನ್ನುವುದು ಒಂದು. ಮುಗಿಸಿದ ಮೇಲೆ ನೀವು ಬಯಸುವ ಬಗೆಯ ಆಸ್ಪತ್ರೆಯಲ್ಲಿ ನೇಮಕಾತಿಗೆ ಮಿತಿ ಇದೆಯೇ ಎನ್ನುವುದು ಇನ್ನೊಂದು. ಮೊದಲನೆಯದು ಇಲ್ಲದೆ ಎರಡನೆಯದು ಇದ್ದರೆ ಮೂರು ವರ್ಷದ ನಂತರ ಗೋಡೆ ಎದುರಾಗುತ್ತದೆ. ಶಾಲೆಯಲ್ಲಿ ವಿಜ್ಞಾನ ಓದದವರು ಜೀವಶಾಸ್ತ್ರ, ರಸಾಯನಶಾಸ್ತ್ರದ ಸೇತುಬಂಧ ಪರೀಕ್ಷೆ ಬೇಕೇ ಎಂದು ನೋಡಿ. ಬೇಕಿದ್ದರೆ ಅದನ್ನು ಕೆಲಸದಲ್ಲಿರುವಾಗಲೇ ಮುಗಿಸಿ.

ಹಣದ ಲೆಕ್ಕ, ತಿಂಗಳುಗಳಲ್ಲಿ

ಶುಲ್ಕವನ್ನು ಎಲ್ಲರೂ ಲೆಕ್ಕ ಹಾಕುತ್ತಾರೆ. ಲೆಕ್ಕ ತಪ್ಪುವುದು ಕೋರ್ಸ್ ಮುಗಿದು ಮೊದಲ ಸಂಬಳ ಬರುವ ನಡುವಿನ ಅವಧಿಯಲ್ಲಿ. ಫಲಿತಾಂಶ, ಪರಿಷತ್ತಿನ ನೋಂದಣಿ, ಕೆಲವು ಕಡೆ ಪರವಾನಗಿ ಪರೀಕ್ಷೆ, ಹಿನ್ನೆಲೆ ಪರಿಶೀಲನೆ, ಸಂದರ್ಶನ ಇವೆಲ್ಲ ಸೇರಿ ತಿಂಗಳುಗಟ್ಟಲೆ ಹಿಡಿಯುತ್ತದೆ. ಇದಕ್ಕೆಂದು ಆರು ತಿಂಗಳು ಸೇರಿಸಿಕೊಳ್ಳಿ.

ಮನೆಯ ಅನಿವಾರ್ಯ ಖರ್ಚು ತಿಂಗಳಿಗೆ 100 ಎಂದಿಟ್ಟುಕೊಳ್ಳಿ. ಸಂಗಾತಿಯ ದುಡಿಮೆಯಿಂದ, ಬೇರೆ ಮೂಲಗಳಿಂದ 60 ಬರುತ್ತದೆ. ಕೊರತೆ 40. ಮೂರು ವರ್ಷದ ಕೋರ್ಸ್ ಮತ್ತು ಆರು ತಿಂಗಳು ಎಂದರೆ 42 ತಿಂಗಳು. 40ನ್ನು 42ರಿಂದ ಗುಣಿಸಿದರೆ 1,680. ಅಂದರೆ ಸುಮಾರು ಹದಿನೇಳು ತಿಂಗಳ ಪೂರ್ತಿ ಮನೆಖರ್ಚಿನಷ್ಟು ಹಣ ಕೈಯಲ್ಲಿರಬೇಕು. ಶುಲ್ಕ, ಸಮವಸ್ತ್ರ, ಪುಸ್ತಕ, ದೂರದ ಆಸ್ಪತ್ರೆಗೆ ಓಡಾಟ ಇದರ ಮೇಲೆ. ಈ ಮೊತ್ತ ಇಲ್ಲದಿದ್ದರೆ ಕನಸು ಬಿಡಬೇಕಾಗಿಲ್ಲ, ದಿನಾಂಕ ಮುಂದಕ್ಕೆ ಹಾಕಬೇಕು. ಕೋರ್ಸ್ ಸೇರುವ ಮುಂಚಿನ ಆರು ತಿಂಗಳು ಆ ಕಡಿಮೆ ಆದಾಯದಲ್ಲೇ ಸಂಸಾರ ನಡೆಸಿ, ಉಳಿದ ಸಂಬಳವನ್ನು ಮುಟ್ಟದೆ ಬೇರೆ ಖಾತೆಗೆ ಹಾಕಿ. ಹಣವೂ ಕೂಡುತ್ತದೆ, ಮನೆಯವರಿಗೆ ಇದು ಹೇಗಿರುತ್ತದೆ ಎಂದು ಅನುಭವಕ್ಕೂ ಬರುತ್ತದೆ.

ನರ್ಸ್ ಆದ ಮೇಲಿನ ಮೊದಲ ಸಂಬಳ ಹೊಸಬರ ಸಂಬಳ. ಹಳೆಯ ಕೆಲಸದ ಹದಿನೈದು ವರ್ಷದ ಸೇವೆ ಅಲ್ಲಿ ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದಿಲ್ಲ. ದೊಡ್ಡ ಸಾಲದ ಕಂತು ಇದ್ದರೆ ಅದನ್ನು ಆ ಸಂಬಳಕ್ಕೆ ಹೋಲಿಸಿ ನೋಡಿ, ಈಗಿನದಕ್ಕಲ್ಲ.

ಈಗ ರಾಜೀನಾಮೆ

ಸಂಬಳವಿಲ್ಲದ ದೀರ್ಘ ರಜೆ, ಅಧ್ಯಯನ ರಜೆ ಸಿಗುತ್ತದೆಯೇ ಎಂದು ಮೊದಲು ಕೇಳಿ. ಒಂದು ವರ್ಷ ಸಿಕ್ಕರೂ ಸಾಕು, ಮೊದಲ ವರ್ಷದಲ್ಲೇ ಇದು ನನ್ನಿಂದ ಆಗುತ್ತದೋ ಇಲ್ಲವೋ ಎಂದು ಗೊತ್ತಾಗಿಬಿಡುತ್ತದೆ. ರಜೆ ಸಿಗದಿದ್ದರೆ ಪಿಂಚಣಿಯ ಹಕ್ಕು ಪಕ್ಕಾ ಆಗುವ ಸೇವಾ ದಿನಾಂಕ ನೋಡಿಕೊಳ್ಳಿ. ಮೂರು ತಿಂಗಳ ಅವಸರಕ್ಕೆ ಅದನ್ನು ಕಳೆದುಕೊಳ್ಳುವುದು ದೊಡ್ಡ ನಷ್ಟ. ಕಂಪನಿಯ ಆರೋಗ್ಯ ವಿಮೆ ನಿಲ್ಲುವ ದಿನಕ್ಕೆ ಮುಂಚೆಯೇ ಕುಟುಂಬಕ್ಕೆ ಬೇರೆ ವಿಮೆ ಜಾರಿಯಲ್ಲಿರಬೇಕು. ಪ್ರವೇಶ ಪತ್ರ ಕೈಗೆ ಬಂದು, ಶುಲ್ಕದ ರಸೀದಿ ಪಡೆದ ನಂತರವೇ ಪತ್ರ ಕೊಡಿ. ಅನುಭವ ಪ್ರಮಾಣಪತ್ರ ಪಡೆದು, ಸ್ನೇಹದಿಂದಲೇ ಹೊರಗೆ ಬನ್ನಿ.

ತರಗತಿಗೆ ಮುಂಚಿನ ಆರು ತಿಂಗಳು

ಹೆಪಟೈಟಿಸ್ ಬಿ ಲಸಿಕೆಯ ವಾಡಿಕೆಯ ಕ್ರಮದಲ್ಲಿ ಮೂರು ಡೋಸ್: ಮೊದಲನೆಯದಾದ ಒಂದು ತಿಂಗಳಿಗೆ ಎರಡನೆಯದು, ಆರನೆಯ ತಿಂಗಳಿಗೆ ಮೂರನೆಯದು. ಕೊನೆಯ ಡೋಸ್ ಆಗಿ ಒಂದೆರಡು ತಿಂಗಳಿಗೆ ರಕ್ತಪರೀಕ್ಷೆ ಮಾಡಿಸಿ ಪ್ರತಿಕಾಯದ (ರೋಗಾಣುವನ್ನು ತಡೆಯುವ ಅಂಶದ) ಮಟ್ಟ 10 mIU/mLಗಿಂತ ಕಡಿಮೆ ಇಲ್ಲ ಎಂದು ಖಚಿತ ಮಾಡಿಕೊಳ್ಳಬೇಕು. ವಯಸ್ಸಾದಂತೆ ಈ ಲಸಿಕೆಗೆ ದೇಹ ಸ್ಪಂದಿಸುವುದು ಕಡಿಮೆಯಾಗುತ್ತದೆ, ಹಾಗಾಗಿ ನಡುವಯಸ್ಸಿನವರು ಪರೀಕ್ಷೆ ತಪ್ಪಿಸಬಾರದು. ದಡಾರ, ರುಬೆಲ್ಲಾ, ಸೀತಾಳ ಸಿಡುಬಿಗೆ (ಚಿಕನ್‌ಪಾಕ್ಸ್) ರಕ್ಷಣೆ ಇದೆಯೇ ಎಂದೂ ನೋಡಿಸಿ.

ಕಣ್ಣು. ನಲವತ್ತು ದಾಟಿದವರಿಗೆ ಹತ್ತಿರದ ಅಕ್ಷರ ಮಸುಕಾಗುವುದು ಸಹಜ. ಆದರೆ ಆಂಪ್ಯೂಲಿನ (ಇಂಜೆಕ್ಷನ್ ಔಷಧದ ಪುಟ್ಟ ಗಾಜಿನ ಸೀಸೆಯ) ಮೇಲಿನ ಅಕ್ಷರ ಸಾಸಿವೆಯಷ್ಟು ಸಣ್ಣದು, ರಾತ್ರಿ ವಾರ್ಡಿನ ಬೆಳಕು ಮಂದ. ಸಿರಿಂಜಿನ ಗೆರೆ, ಆಂಪ್ಯೂಲಿನ ಅಕ್ಷರ, ಎರಡು ಮಾರು ದೂರದ ಮಾನಿಟರ್ ಮೂರನ್ನೂ ಕನ್ನಡಕ ತೆಗೆಯದೆ ಓದಲು ಆಗಬೇಕು. ಕಣ್ಣಿನ ವೈದ್ಯರಿಗೆ ಈ ಮೂರು ದೂರಗಳನ್ನು ಹೇಳಿ ಕನ್ನಡಕ ಮಾಡಿಸಿ.

ಸೊಂಟ. 70 ಕೆಜಿ ತೂಕದ ಮನುಷ್ಯನ ಒಂದು ಕಾಲೇ ಸುಮಾರು 11 ಕೆಜಿ. ಅಮೆರಿಕದ ವೃತ್ತಿ ಸುರಕ್ಷತಾ ಸಂಶೋಧನಾ ಸಂಸ್ಥೆಯ ಎತ್ತುವ ಸೂತ್ರದ ಪ್ರಕಾರ, ಎಲ್ಲ ಅನುಕೂಲ ಇದ್ದಾಗಲೂ ರೋಗಿಯ ಭಾರ ಕೈಯಲ್ಲಿ ಎತ್ತಬಹುದಾದ ಮಿತಿ ಸುಮಾರು 16 ಕೆಜಿ. ಅಂದರೆ ಪೂರ್ತಿ ರೋಗಿಯನ್ನು ಒಬ್ಬರೇ ಎತ್ತುವುದು ಯಾವ ವಯಸ್ಸಿನಲ್ಲೂ ತಪ್ಪು. ಮಗ್ಗುಲಾಗಿಸುವಾಗ ಮೊದಲು ಹಾಸಿಗೆಯನ್ನು ನಿಮ್ಮ ಸೊಂಟದ ಎತ್ತರಕ್ಕೆ ಏರಿಸಿ. “ಈಗ ನಿಮ್ಮನ್ನು ಈ ಕಡೆ ತಿರುಗಿಸುತ್ತೇವೆ” ಎಂದು ಹೇಳಿ. ಅವರ ಆಚೆ ಬದಿಯ ಮೊಣಕಾಲು ಮಡಿಸಿ, ಅದೇ ಬದಿಯ ಕೈಯನ್ನು ಎದೆಯ ಮೇಲಿಟ್ಟು, ನಿಮ್ಮ ಒಂದು ಕಾಲು ಮುಂದಿಟ್ಟು ಮೊಣಕಾಲು ತುಸು ಬಗ್ಗಿಸಿ, ಭುಜ ಮತ್ತು ಪೃಷ್ಠ ಹಿಡಿದು ನಿಮ್ಮ ಕಡೆಗೆ ಹೊರಳಿಸಿ. ಬೆನ್ನು ತಿರುಚಬೇಡಿ, ಪಾದವನ್ನೇ ತಿರುಗಿಸಿ. ರೋಗಿಯ ಕೆಳಗೆ ಹಾಸಿ ಸರಿಸುವ ನುಣುಪಾದ ಜಾರುಹಾಳೆ ಇದ್ದರೆ ತರುವ ತನಕ ಕಾಯಿರಿ. ಅವಸರದಲ್ಲಿ “ನಾನೊಬ್ಬನೇ ಮಾಡುತ್ತೇನೆ” ಎಂದ ಒಂದು ಕ್ಷಣದಲ್ಲೇ ಬೆನ್ನುಮೂಳೆಯ ಡಿಸ್ಕ್ ಸರಿದುಬಿಡಬಹುದು. ಈ ಆರು ತಿಂಗಳಲ್ಲಿ ತೊಡೆ, ಪೃಷ್ಠ, ಹೊಟ್ಟೆಯ ಸ್ನಾಯುಗಳಿಗೆ ವಾರಕ್ಕೆ ಮೂರು ದಿನ ವ್ಯಾಯಾಮ ಕೊಡಿ. ದಿನಕ್ಕೆ ಎಂಟು ಗಂಟೆ ಕುರ್ಚಿಯಲ್ಲಿ ಕೂತ ಮೈ ಒಮ್ಮೆಲೇ ಹನ್ನೆರಡು ಗಂಟೆ ನಿಲ್ಲಲಾರದು.

ಲೆಕ್ಕ. ಔಷಧದ ಲೆಕ್ಕದಲ್ಲಿ ಹೆದರಿಕೆ ಇರುವವರು ಬಹಳ. ಬೇಕಾಗಿರುವುದು ಏಳನೆಯ ತರಗತಿಯ ಗಣಿತ, ಆದರೆ ಅದರಲ್ಲಿ ನೂರಕ್ಕೆ ನೂರು ಬರಬೇಕು. 350 ಮಿಲಿಗ್ರಾಂ ಕೊಡಬೇಕು, ಆಂಪ್ಯೂಲಿನಲ್ಲಿ 2 ಮಿಲಿಲೀಟರಿಗೆ 500 ಮಿಲಿಗ್ರಾಂ ಇದೆ. ಒಂದು ಮಿಲಿಲೀಟರಿಗೆ 250. 350ನ್ನು 250ರಿಂದ ಭಾಗಿಸಿದರೆ 1.4 ಮಿಲಿಲೀಟರ್. ಉತ್ತರ ಬಂದ ಮೇಲೆ ಕಣ್ಣಂದಾಜು ಮಾಡಿ: 350 ಎನ್ನುವುದು 500ಕ್ಕಿಂತ ಕಡಿಮೆ, ಅರ್ಧಕ್ಕಿಂತ ಹೆಚ್ಚು, ಹಾಗಾದರೆ ಉತ್ತರ 1 ಮತ್ತು 2ರ ನಡುವೆ ಇರಲೇಬೇಕು. 14 ಎಂದೋ 0.14 ಎಂದೋ ಬಂದರೆ ದಶಮಾಂಶ ಜಾರಿದೆ.

ಡ್ರಿಪ್ ಲೆಕ್ಕವೂ ಇಷ್ಟೇ. 500 ಮಿಲಿಲೀಟರ್ 4 ಗಂಟೆಯಲ್ಲಿ ಹೋಗಬೇಕು, ಡ್ರಿಪ್ ಸೆಟ್ಟಿನಲ್ಲಿ (ದ್ರವ ಇಳಿಯುವ ಕೊಳವೆಯಲ್ಲಿ) ಒಂದು ಮಿಲಿಲೀಟರಿಗೆ 20 ಹನಿ. 500ನ್ನು 20ರಿಂದ ಗುಣಿಸಿ 240 ನಿಮಿಷದಿಂದ ಭಾಗಿಸಿ: 41.67, ಅಂದರೆ ನಿಮಿಷಕ್ಕೆ 42 ಹನಿ. ಅದೇ ದ್ರವಕ್ಕೆ 60 ಹನಿಯ ಮೈಕ್ರೋ ಸೆಟ್ ಇದ್ದರೆ 125 ಹನಿ. ಹಾಗಾಗಿ ಸೆಟ್ಟಿನ ಪೊಟ್ಟಣದ ಮೇಲೆ ಬರೆದಿರುವ ಸಂಖ್ಯೆ ನೋಡದೆ ಹನಿ ಎಣಿಸಬೇಡಿ. ಬರೆಯುವಾಗ ದಶಮಾಂಶಕ್ಕೆ ಮುಂಚೆ ಸೊನ್ನೆ ಇಡಬೇಕು, ಪೂರ್ಣಾಂಕದ ನಂತರ ಇಡಬಾರದು: 0.5 ಸರಿ, .5 ಎಂದರೆ 5 ಎಂದು ಓದಿಬಿಡುತ್ತಾರೆ. 1 ಸರಿ, 1.0 ಎಂದರೆ ಅವಸರದಲ್ಲಿ 10 ಆಗುತ್ತದೆ. ದಿನಕ್ಕೆ ಹತ್ತು ಲೆಕ್ಕದಂತೆ ಎರಡು ತಿಂಗಳು ಮಾಡಿದರೆ ಈ ಭಯ ಮಾಯವಾಗುತ್ತದೆ.

ಓದು

ಬಾಯಿಪಾಠದಲ್ಲಿ ಕಿರಿಯರು ನಿಮಗಿಂತ ಮುಂದೆ ಇರುತ್ತಾರೆ, ಅದರಲ್ಲಿ ಪೈಪೋಟಿ ಬೇಡ. ನೀವು ಕಾರಣದಿಂದ ಓದಿ. ಹೃದಯ ದುರ್ಬಲವಾದರೆ ಪಾದ ಯಾಕೆ ಊದುತ್ತದೆ, ಮಲಗಿದರೆ ಉಸಿರು ಯಾಕೆ ಕಟ್ಟುತ್ತದೆ ಎಂದು ಅರ್ಥವಾದರೆ ಲಕ್ಷಣಗಳ ಪಟ್ಟಿ ತಾನಾಗಿ ನೆನಪಿರುತ್ತದೆ. ಪುಟ ಮುಚ್ಚಿ ನೆನಪಿನಿಂದ ಬರೆದು, ಆಮೇಲೆ ತೆರೆದು ತಿದ್ದಿಕೊಳ್ಳಿ. ಗೆರೆ ಎಳೆಯುತ್ತ ಮತ್ತೆ ಮತ್ತೆ ಓದುವುದಕ್ಕಿಂತ ಇದು ಹೆಚ್ಚು ನಿಲ್ಲುತ್ತದೆ. ಮನೆಯಲ್ಲಿ ಓದಿನ ಹೊತ್ತು ಬೆಳಗಿನ ಜಾವವೋ ರಾತ್ರಿಯೋ ಒಂದನ್ನು ಗಟ್ಟಿ ಮಾಡಿ, ಆ ಹೊತ್ತಿನಲ್ಲಿ ಮಕ್ಕಳ, ಹಿರಿಯರ ಹೊಣೆ ಯಾರದು ಎಂದು ಮೊದಲೇ ಮಾತಾಡಿಕೊಳ್ಳಿ.

ಕ್ಲಿನಿಕಲ್ ಪೋಸ್ಟಿಂಗ್ (ವಾರ್ಡಿನ ತರಬೇತಿ)

ಇಲ್ಲಿಯವರೆಗೆ ಕಷ್ಟಪಟ್ಟು ಬಂದವರು ಒಳಗೊಳಗೇ ಕುಸಿಯುವ ಜಾಗ ಇದು. ಹತ್ತು ಜನರಿಗೆ ಕೆಲಸ ಹೇಳುತ್ತಿದ್ದವರಿಗೆ ಇಪ್ಪತ್ತೈದರ ಸಿಸ್ಟರ್ ಒಬ್ಬರು ರೋಗಿಯ ಎದುರೇ “ಕೈ ತೊಳೆದ್ರಾ?” ಎಂದು ಕೇಳುತ್ತಾರೆ. ಅವರು ಕೇಳಿದ್ದು ಸರಿ. ಆ ವಾರ್ಡಿನಲ್ಲಿ ಅವರೇ ಹಿರಿಯರು. “ತೊಳೆದಿಲ್ಲ ಸಿಸ್ಟರ್, ಈಗ ತೊಳೆಯುತ್ತೇನೆ” ಎಂದರೆ ಮಾತು ಅಲ್ಲಿಗೆ ಮುಗಿಯುತ್ತದೆ, ಮುಂದಿನ ಸಲ ಅವರೇ ಕರೆದು ಡ್ರೆಸ್ಸಿಂಗ್ ಕಲಿಸುತ್ತಾರೆ. ಹಳೆಯ ಹುದ್ದೆಯ ವಿಷಯ ಕೇಳಿದರಷ್ಟೇ ಹೇಳಿ.

ಕೈ ತೊಳೆಯಲು ಸೋಪು ನೀರಿನಲ್ಲಿ 40ರಿಂದ 60 ಸೆಕೆಂಡು, ಆಲ್ಕೋಹಾಲ್ ದ್ರಾವಣದಲ್ಲಿ 20ರಿಂದ 30 ಸೆಕೆಂಡು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ತೊಳೆಯಬೇಕಾದ ಸಂದರ್ಭ ಐದು: ರೋಗಿಯನ್ನು ಮುಟ್ಟುವ ಮುಂಚೆ, ಶುದ್ಧ ವಿಧಾನದ ಕೆಲಸಕ್ಕೆ ಮುಂಚೆ, ದೇಹದ್ರವ ತಾಗುವ ಸಂಭವವಿದ್ದ ಕೆಲಸದ ನಂತರ, ರೋಗಿಯನ್ನು ಮುಟ್ಟಿದ ನಂತರ, ಅವರ ಹಾಸಿಗೆ ಮೇಜು ಮುಟ್ಟಿದ ನಂತರ. ಹೆಚ್ಚಿನವರು ಮರೆಯುವುದು ಕೊನೆಯದನ್ನು. ಕೈಗವಸು ಹಾಕಿದ್ದೆ ಎನ್ನುವುದು ತೊಳೆಯದಿರಲು ಕಾರಣವಲ್ಲ.

ಉಸಿರಾಟ ಎಣಿಸುವುದನ್ನು ಹತ್ತಿರದಿಂದ ನೋಡೋಣ. ಚಾರ್ಟ್ ತೆರೆದರೆ ಎಷ್ಟೋ ವಾರ್ಡುಗಳಲ್ಲಿ ಎಲ್ಲ ರೋಗಿಗಳಿಗೂ 18 ಅಥವಾ 20 ಎಂದು ಬರೆದಿರುತ್ತದೆ, ಯಾರೂ ಎಣಿಸಿರುವುದಿಲ್ಲ. ರೋಗಿ ಹದಗೆಡುವ ಮುನ್ನ ಮೊದಲು ಬದಲಾಗುವ ಲಕ್ಷಣಗಳಲ್ಲಿ ಇದು ಒಂದು. ವಯಸ್ಕರಲ್ಲಿ ನಿಮಿಷಕ್ಕೆ 12ರಿಂದ 20 ಸಹಜ. 25 ಮುಟ್ಟಿದರೆ ಕೂಡಲೇ ತಿಳಿಸಬೇಕು. “ಉಸಿರು ಎಣಿಸುತ್ತೇನೆ” ಎಂದು ಹೇಳಿದರೆ ಅವರ ಉಸಿರಿನ ಲಯವೇ ಬದಲಾಗುತ್ತದೆ. ಆದ್ದರಿಂದ ನಾಡಿ ಎಣಿಸಿದ ಮೇಲೆ ಮಣಿಕಟ್ಟು ಬಿಡದೆ ಹಾಗೇ ಹಿಡಿದುಕೊಂಡು, ಎದೆಯ ಏರಿಳಿತವನ್ನು ಪೂರ್ತಿ ಒಂದು ನಿಮಿಷ ಎಣಿಸಿ. ವಿದ್ಯಾರ್ಥಿಯಾಗಿ ನಿಮ್ಮ ಹತ್ತಿರ ಆ ಒಂದು ನಿಮಿಷ ಇದೆ. ಬಿಪಿ ಕೂಡ ಹೀಗೆಯೇ ಮೋಸ ಮಾಡುತ್ತದೆ: ದಪ್ಪ ತೋಳಿಗೆ ಸಣ್ಣ ಕಫ್ (ಗಾಳಿ ತುಂಬುವ ಪಟ್ಟಿ) ಕಟ್ಟಿದರೆ, ತೋಳು ಹೃದಯಕ್ಕಿಂತ ಕೆಳಗೆ ತೂಗಿದರೆ, ಇಲ್ಲದ ಅಧಿಕ ರಕ್ತದೊತ್ತಡ ಕಾಣಿಸುತ್ತದೆ.

ವೈದ್ಯರಿಗೆ ಫೋನ್ ಮಾಡುವಾಗ ಹೊಸಬರು ಕಥೆಯನ್ನು ಮೊದಲಿಂದ ಹೇಳಲು ಹೋಗಿ ಮುಖ್ಯವಾದುದನ್ನು ಮರೆಯುತ್ತಾರೆ. ನಾಲ್ಕು ಭಾಗ ಮಾಡಿ, ಚೀಟಿಯಲ್ಲಿ ಬರೆದುಕೊಂಡು ಹೇಳಿ: ಈಗ ಏನಾಗಿದೆ, ಹಿನ್ನೆಲೆ ಏನು, ನನಗೆ ಏನು ಅನಿಸುತ್ತಿದೆ, ನಿಮ್ಮಿಂದ ಏನು ಬೇಕು. “ಸರ್, ಏಳನೇ ಹಾಸಿಗೆಯ ರೋಗಿಗೆ ಅರ್ಧ ಗಂಟೆಯಿಂದ ಉಸಿರು 28, ಆಮ್ಲಜನಕ 90. ನಿನ್ನೆ ಹೊಟ್ಟೆಯ ಶಸ್ತ್ರಚಿಕಿತ್ಸೆ ಆಗಿದೆ. ಪರಿಸ್ಥಿತಿ ಹದಗೆಡುತ್ತಿದೆ ಅನಿಸುತ್ತಿದೆ. ಈಗಲೇ ಬಂದು ನೋಡಬೇಕು.” ಮೀಟಿಂಗುಗಳಲ್ಲಿ ವರ್ಷಗಟ್ಟಲೆ ಮಾತಾಡಿದವರಿಗೆ ಇದು ಬೇಗ ಒಲಿಯುತ್ತದೆ.

ಸೂಜಿ ಚುಚ್ಚಿದರೆ ಹಿಂಡಬೇಡಿ. ಹರಿಯುವ ನೀರು, ಸೋಪಿನಲ್ಲಿ ತೊಳೆದು ಆ ಕ್ಷಣವೇ ಇನ್‌ಚಾರ್ಜ್ ಅವರಿಗೆ ಹೇಳಿ. ಎಚ್‌ಐವಿ ತಡೆಗಟ್ಟುವ ಔಷಧ ಬೇಕಾದರೆ ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು, 72 ಗಂಟೆಯೊಳಗೆ ಆಗಲೇಬೇಕು, 28 ದಿನ ತೆಗೆದುಕೊಳ್ಳಬೇಕು. ನಾಚಿಕೆಯಿಂದ ಮುಚ್ಚಿಡುವುದೇ ಇಲ್ಲಿ ಆಗುವ ದೊಡ್ಡ ತಪ್ಪು. ಔಷಧದಲ್ಲಿ ತಪ್ಪಾದರೂ ಇದೇ ನಿಯಮ: ಮೊದಲು ರೋಗಿಯನ್ನು ನೋಡಿ, ಆಮೇಲೆ ಹೇಳಿ, ಆಮೇಲೆ ಬರೆಯಿರಿ.

ನೈಟ್ ಡ್ಯೂಟಿ

ಮೊದಲ ನೈಟ್ ಡ್ಯೂಟಿಯ ದಿನ ಮಧ್ಯಾಹ್ನ ಒಂದೂವರೆ ಗಂಟೆ ಮಲಗಿ ಹೋಗಿ. ಕಾಫಿ, ಚಹಾ ಶಿಫ್ಟಿನ ಮೊದಲರ್ಧದಲ್ಲಿ ಮಾತ್ರ. ನಸುಕಿನ ಮೂರರಿಂದ ಐದರ ನಡುವೆ ಎಚ್ಚರ ತೀರಾ ತಗ್ಗುತ್ತದೆ, ಆ ಹೊತ್ತಿನಲ್ಲಿ ಔಷಧದ ಲೆಕ್ಕವನ್ನು ಇನ್ನೊಬ್ಬರಿಂದ ಪರೀಕ್ಷಿಸಿಕೊಳ್ಳಿ. ಬೆಳಿಗ್ಗೆ ಕಣ್ಣು ಎಳೆಯುತ್ತಿದ್ದರೆ ಗಾಡಿ ಓಡಿಸಬೇಡಿ. ಮಲಗುವ ಕೋಣೆಗೆ ಬೆಳಕು ಬಾರದ ದಪ್ಪ ಪರದೆ ಹಾಕಿ, ಹಗಲಲ್ಲಿ ಎಬ್ಬಿಸಬಾರದ ಗಂಟೆಗಳನ್ನು ಮನೆಯವರಿಗೆ ಬರೆದು ಅಂಟಿಸಿ. ಮಧುಮೇಹ, ಬಿಪಿ ಮಾತ್ರೆ ತೆಗೆದುಕೊಳ್ಳುವವರು ರಾತ್ರಿ ಪಾಳಿಯ ದಿನಗಳಲ್ಲಿ ಯಾವ ಹೊತ್ತಿಗೆ ನುಂಗಬೇಕೆಂದು ತಮ್ಮ ವೈದ್ಯರನ್ನು ಮೊದಲೇ ಕೇಳಿಟ್ಟುಕೊಳ್ಳಬೇಕು.

ಮೊದಲ ಕೆಲಸ

45ಕ್ಕೆ ಕೆಲಸ ಶುರು ಮಾಡಿದರೂ ಮುಂದೆ ಹದಿನೈದು ವರ್ಷ ಇದೆ. ಮೊದಲ ಒಂದೆರಡು ವರ್ಷ ಸಾಮಾನ್ಯ ವಾರ್ಡಿನಲ್ಲಿ ಕಳೆಯಿರಿ, ಕೈ ಪಳಗುವುದು ಅಲ್ಲೇ. ಆಮೇಲೆ ಮೈಗೆ ಹೊಂದುವ ಕಡೆಗೆ ಸರಿಯಬಹುದು: ಡಯಾಲಿಸಿಸ್, ಹೊರರೋಗಿ ವಿಭಾಗ, ಸೋಂಕು ನಿಯಂತ್ರಣ, ಸಮುದಾಯ ಆರೋಗ್ಯ, ಉಪಶಾಮಕ ಆರೈಕೆ, ಬೋಧನೆ. ಲೆಕ್ಕಪತ್ರದಿಂದ ಬಂದವರು ಗುಣಮಟ್ಟ ಪರಿಶೀಲನೆಯಲ್ಲಿ, ಶಿಕ್ಷಕರಾಗಿದ್ದವರು ಮಧುಮೇಹ ಶಿಕ್ಷಣದಲ್ಲಿ, ಸಾಫ್ಟ್‌ವೇರಿನವರು ಆಸ್ಪತ್ರೆಯ ದಾಖಲೆ ವ್ಯವಸ್ಥೆಯಲ್ಲಿ ಬೇಗ ಬೇರೂರುತ್ತಾರೆ.

ಸಂದರ್ಶನದಲ್ಲಿ ಸಂಬಳದ ಮಾತಿಗೆ ಮುಂಚೆ ಇವನ್ನು ಕೇಳಿ: ಹಗಲಲ್ಲಿ ಮತ್ತು ರಾತ್ರಿಯಲ್ಲಿ ಒಬ್ಬ ನರ್ಸಿಗೆ ಎಷ್ಟು ರೋಗಿಗಳು? ಹೊಸಬರ ಜೊತೆ ಅನುಭವಿ ನರ್ಸ್ ಎಷ್ಟು ವಾರ ಇರುತ್ತಾರೆ? ರೋಗಿಯನ್ನು ಎತ್ತುವ ಸಾಧನ ವಾರ್ಡಿನಲ್ಲೇ ಇದೆಯೇ, ಬೇರೆ ಮಹಡಿಯಿಂದ ತರಬೇಕೇ? ಕಳೆದ ವರ್ಷ ಈ ವಾರ್ಡಿನಿಂದ ಎಷ್ಟು ಮಂದಿ ಬಿಟ್ಟುಹೋದರು? ಸಾಧ್ಯವಾದರೆ ಒಪ್ಪಿಗೆ ಹೇಳುವ ಮುನ್ನ ಹ್ಯಾಂಡೋವರ್ ಹೊತ್ತಿಗೆ ಹದಿನೈದು ನಿಮಿಷ ಆ ವಾರ್ಡಿನಲ್ಲಿ ನಿಲ್ಲಲು ಅನುಮತಿ ಕೇಳಿ. ಹೋಗುವವರು ಬರುವವರಿಗೆ ಹಾಸಿಗೆಯ ಪಕ್ಕದಲ್ಲಿ ನಿಂತು, ರೋಗಿಯ ಹೆಸರು ಹಿಡಿದು ವಿವರ ಒಪ್ಪಿಸುತ್ತಿದ್ದರೆ ಅಲ್ಲಿ ಸೇರಿಕೊಳ್ಳಿ.